ಇನ್ನೂರ ಹನ್ನೊಂದಕ್ಕೆ ಹದಿನಾಲ್ಕು

ಸಾಲ್ಮಿಯಾ, ಕುವೈತ್
3 ಅಕ್ಟೋಬರ್ 2025

ಪ್ರೀತಿಯ ಬೆಟ್ಟಿ ಅಕ್ಕ,

ಫೋನಿನಲ್ಲಿ ನಿನಗೆ ಅರ್ಧ ಮಾತು ಕೇಳಿಸುವುದಿಲ್ಲ, ಆ ಅರ್ಧವನ್ನು ನೀನೇ ಊಹಿಸಿಕೊಂಡು ನನಗೆ ಬೈಯುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಈಮೇಲ್ ಆದರೂ ಇದನ್ನು ಪತ್ರ ಅಂತಲೇ ಓದು.

ಸುದ್ದಿ ಏನೆಂದರೆ, ನಮ್ಮ ಕರಾವಳಿ ಕನ್ನಡ ಕೂಟದ ಅಧ್ಯಕ್ಷ ಸ್ಥಾನಕ್ಕೆ ಈ ಸಲ ನಾನು ನಿಂತಿದ್ದೇನೆ. ಹನ್ನೆರಡು ವರ್ಷ ಕಾರ್ಯದರ್ಶಿಯಾಗಿ ಬೇರೆಯವರಿಗೆ ಮೈಕ್ ಹಿಡಿದುಕೊಟ್ಟದ್ದು ಸಾಕಾಯಿತು. ಎದುರಿಗೆ ನಿಂತವನು ಮಂಗಫಿನ ಕಮಲಾಕ್ಷ. ರಿಫೈನರಿಯಲ್ಲಿ ಫೋರ್‌ಮನ್. ಅಲ್ಲಿ ಒಂದೊಂದು ಕೋಣೆಯಲ್ಲಿ ಐದಾರು ಮಂದಿ ಇರುವ ನಮ್ಮ ತುಳುವರೆಲ್ಲ ಅವನ ಮಾತು ಕೇಳುತ್ತಾರೆ. ಮತದಾನ ನವೆಂಬರ್ ಏಳು, ಶುಕ್ರವಾರ, ಫಿಂಟಾಸಿನ ಸಭಾಂಗಣದಲ್ಲಿ.

ನನಗೆ ನಿನ್ನಿಂದ ಒಂದು ಉಪಕಾರವಾಗಬೇಕು. ನೀನು ಇಲ್ಲಿ ಶಾಲೆಯಲ್ಲಿ ಸಿವಿಕ್ಸ್ ಕಲಿಸುವಾಗ ಮಕ್ಕಳಿಗೆ ಹೇಳುತ್ತಿದ್ದೆಯಲ್ಲ, ಅಮೆರಿಕದ ಅಧ್ಯಕ್ಷರ ಪ್ರಚಂಡ ಗೆಲುವುಗಳ ಕಥೆ, ನಿನ್ನ ಮೆಚ್ಚಿನ ಐದು. ಅದನ್ನು ಬರೆದು ಕಳಿಸು. ಭಾಷಣದಲ್ಲಿ ಬಳಸಬೇಕು. ಐವತ್ತರಲ್ಲಿ ನಲವತ್ತೊಂಬತ್ತು ರಾಜ್ಯ ಗೆದ್ದವನ ಹೆಸರು ಮಾತ್ರ ನನಗೆ ನೆನಪುಂಟು, ರೇಗನ್. ಗೆದ್ದರೆ ಹಾಗೆ ಗೆಲ್ಲಬೇಕು.

ಸದಸ್ಯತ್ವ ನವೀಕರಣದ ಕೆಲಸ ಮೊನ್ನೆ ಮೂವತ್ತಕ್ಕೆ ಮುಗಿಯಿತು. ಮತದಾರರ ಪಟ್ಟಿ ಈ ಸಲ ಅಚ್ಚುಕಟ್ಟಾಗಿದೆ. ನನ್ನ ಮನೆಯವಳು ಬ್ರೆಂಡಾ ನಿನ್ನನ್ನು ಕೇಳಿದ್ದಾಳೆ.

ನಿನ್ನ
ಕೊನ್ರಾಡ್


ಮಂಗಳೂರು
8 ಅಕ್ಟೋಬರ್ 2025

ಪ್ರೀತಿಯ ಕೊನ್ರಾಡ್,

ನಿವೃತ್ತಿಯಾಗಿ ನಾಲ್ಕು ವರ್ಷದ ಮೇಲೆ ನನ್ನ ಪಾಠ ಒಬ್ಬನಿಗೆ ಬೇಕಾಯಿತಲ್ಲ, ಸಂತೋಷ. ಪಟ್ಟಿ ಇಗೋ. ಆದರೆ ನನ್ನ ಮಕ್ಕಳಿಗೆ ನಾನು ಗೆಲುವಿನ ಕಥೆಯನ್ನು ಗೆದ್ದ ದಿನಕ್ಕೇ ನಿಲ್ಲಿಸುತ್ತಿರಲಿಲ್ಲ. ನೀನೂ ನಿಲ್ಲಿಸಬೇಡ.

1936ರಲ್ಲಿ ರೂಸ್‌ವೆಲ್ಟ್ ನಲವತ್ತೆಂಟರಲ್ಲಿ ನಲವತ್ತಾರು ರಾಜ್ಯ ಗೆದ್ದ. ಮರುವರ್ಷವೇ ಸುಪ್ರೀಂ ಕೋರ್ಟಿಗೆ ತನಗೆ ಬೇಕಾದ ಹೆಚ್ಚುವರಿ ನ್ಯಾಯಾಧೀಶರನ್ನು ತುಂಬಲು ಹೋಗಿ ತನ್ನದೇ ಪಕ್ಷದವರ ಕೈಯಲ್ಲಿ ಸೋತ. 1964ರಲ್ಲಿ ಜಾನ್ಸನ್‌ಗೆ ನೂರಕ್ಕೆ ಅರವತ್ತೊಂದು ಮತ ಬಿತ್ತು. ನಾಲ್ಕೇ ವರ್ಷಕ್ಕೆ, ಯುದ್ಧದ ಸಿಟ್ಟಿನ ನಡುವೆ, ಇನ್ನೊಮ್ಮೆ ನಿಲ್ಲುವುದಿಲ್ಲ ಎಂದು ಟೀವಿಯಲ್ಲಿ ಹೇಳಿದ. 1972ರಲ್ಲಿ ನಿಕ್ಸನ್ ನಲವತ್ತೊಂಬತ್ತು ರಾಜ್ಯ ಗೆದ್ದ, ಎರಡು ವರ್ಷ ತುಂಬುವ ಮೊದಲೇ ರಾಜೀನಾಮೆ ಕೊಟ್ಟ. ನಿನ್ನ ರೇಗನ್‌ನ 1984ರದ್ದು ನಿನಗೆ ಗೊತ್ತೇ ಉಂಟು.

ಐದನೆಯದು 1820ರದ್ದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಮನ್ರೋ ಎದುರಿಗೆ ಯಾರೂ ಗಟ್ಟಿಯಾಗಿ ನಿಂತಿರಲಿಲ್ಲ. ರಾಜ್ಯಗಳ ಪರವಾಗಿ ಅಧ್ಯಕ್ಷನನ್ನು ಆರಿಸುವ ಚುನಾಯಕರು ಹಾಕಿದ ಮತಗಳಲ್ಲಿ ಒಂದನ್ನು ಬಿಟ್ಟು ಎಲ್ಲ ಅವನಿಗೇ. ಆ ಒಬ್ಬ, ನ್ಯೂ ಹ್ಯಾಂಪ್‌ಶೈರಿನ ಒಬ್ಬ ಮುದುಕ, ಇವನು ನನಗೆ ಸರಿ ಕಾಣುವುದಿಲ್ಲ ಎಂದು ಬೇರೆಯವನಿಗೆ ಹಾಕಿದ. ಮಕ್ಕಳು ಯಾವಾಗಲೂ ಗೆದ್ದವನ ಬಗ್ಗೆ ಬರೆಯುತ್ತಿದ್ದರು. ಆ ಮುದುಕನ ಬಗ್ಗೆ ಬರೆದ ಮಗುವಿಗೆ ನಾನು ಎರಡು ಅಂಕ ಹೆಚ್ಚು ಕೊಡುತ್ತಿದ್ದೆ.

ನಮ್ಮ ಕಾಂತಪ್ಪ ಹೇಗಿದ್ದಾನೆ? ಹನ್ನೊಂದು ವರ್ಷ ನಮ್ಮ ಶಾಲೆಯ ಬಸ್ ಓಡಿಸಿದವನು. ಈಗ ಮಂಗಫಿನಿಂದ ರಿಫೈನರಿಗೆ ಕಂಪನಿ ಬಸ್ ಓಡಿಸುತ್ತಿದ್ದಾನೆಂದು ಕೇಳಿದ್ದೆ. ಅವನು ನಿನಗೆ ಮತ ಹಾಕುತ್ತಾನೋ ಕಮಲಾಕ್ಷನಿಗೋ?

ಅಕ್ಕ


ಸಾಲ್ಮಿಯಾ
19 ಅಕ್ಟೋಬರ್ 2025

ಪ್ರೀತಿಯ ಅಕ್ಕ,

ಪಟ್ಟಿಗೆ ವಂದನೆ. ಭಾಷಣಕ್ಕೆ ಅರ್ಧ ಮಾತ್ರ ತೆಗೆದುಕೊಂಡೆ. ಸೋತವರ, ರಾಜೀನಾಮೆ ಕೊಟ್ಟವರ ಕಥೆ ಮತದಾರರಿಗೆ ಯಾಕೆ? 1936 ಮತ್ತು 1984 ಸಾಕು. ಸಾಲ್ಮಿಯಾದ ಸಭೆಯಲ್ಲಿ ಹೇಳಿದಾಗ ಒಳ್ಳೆ ಚಪ್ಪಾಳೆ ಬಿತ್ತು. ನಮ್ಮ ಅಕ್ಷಯಾ, ಕೂಟದ ಜೊತೆ ಕಾರ್ಯದರ್ಶಿ, ನಿನ್ನದೇ ವಿದ್ಯಾರ್ಥಿನಿ, ಆಮೇಲೆ ಬಂದು, ಸರ್, ಬೆಟ್ಟಿ ಟೀಚರ್ ಇದನ್ನು ಬೇರೆ ರೀತಿ ಮುಗಿಸುತ್ತಿದ್ದರು ಅಂದಳು. ನಾನು ನಕ್ಕು ಮುಂದಿನವರ ಕೈ ಕುಲುಕಲು ಹೋದೆ.

ಕಾಂತಪ್ಪ ಚೆನ್ನಾಗಿದ್ದಾನೆ ಅಂತ ಕಾಣುತ್ತದೆ. ಈಚೆಗೆ ಸಿಕ್ಕಿಲ್ಲ. ಮಂಗಫ್ ಕಡೆ ಹೋಗುವುದೇ ಅಪರೂಪ.

ಆಫೀಸಿನಲ್ಲಿ ಎಲ್ಲ ಸರಿಯುಂಟು. ನೀನು ಕೇಳಲಿಲ್ಲ, ಆದರೂ ಹೇಳಿದೆ.

ಕೊನ್ರಾಡ್


ಸಾಲ್ಮಿಯಾ
8 ನವೆಂಬರ್ 2025

ಅಕ್ಕ,

ಇನ್ನೂರ ಹನ್ನೊಂದು. ಕಮಲಾಕ್ಷನಿಗೆ ಹದಿನಾಲ್ಕು.

ಕೂಟದ ಇಪ್ಪತ್ತಾರು ವರ್ಷದಲ್ಲಿ ಇಂಥದ್ದು ನಡೆದಿಲ್ಲ. ಎಣಿಸಿ ಮುಗಿಸುವಷ್ಟರಲ್ಲಿ ಮೊಬೈಲ್ ಎತ್ತಿ ಫೋಟೊ ತೆಗೆಯುವವರು, ಹಾರ ತರುವವರು, ನನ್ನನ್ನು ಎತ್ತಿಯೇ ಬಿಟ್ಟರು. ಸೀಲಿಂಗ್ ಫ್ಯಾನ್ ತಲೆಗೆ ತಾಗುತ್ತದೆ ಅಂತ ಹೆದರಿಕೆಯಾಯಿತು. ಕಮಲಾಕ್ಷ ಬಂದು ಕೈ ಕೊಟ್ಟ. ಸ್ವಲ್ಪ ಹೊತ್ತು ಕೈ ಬಿಡದೆ ನನ್ನ ಮುಖ ನೋಡಿದ, ಹೋದ. ಸೋತವನಿಗೆ ಅಷ್ಟಾದರೂ ಬೇಜಾರು ಇರುತ್ತದಲ್ಲ.

ಬ್ರೆಂಡಾಗೆ ತಲೆನೋವೆಂದು ಸಭಾಂಗಣಕ್ಕೆ ಬರಲಿಲ್ಲ. ಮಗ ಟ್ರೆವರ್ ಬಂದಿದ್ದ. ಡ್ಯಾಡಿ, ಯು ಕ್ರಶ್ಡ್ ಹಿಮ್ ಅಂದ. ಮನೆಯಲ್ಲಿ ಅವನು ನನ್ನ ಹತ್ತಿರ ವಾರಕ್ಕೆ ಮೂರು ಮಾತು ಆಡಿದರೆ ಹೆಚ್ಚು.

ನಿನ್ನ ಪತ್ರಕ್ಕೆ ಕಾಯುತ್ತಿದ್ದೇನೆ.

ಕೊನ್ರಾಡ್


ಮಂಗಳೂರು
11 ನವೆಂಬರ್ 2025

ಕೊನ್ರಾಡ್,

ಅಭಿನಂದನೆ. ದೊಡ್ಡ ಗೆಲುವು.

ನನ್ನ ಕಾಲದಲ್ಲಿ ಕೂಟದಲ್ಲಿ ಮುನ್ನೂರ ಎಂಬತ್ತರಷ್ಟು ಸದಸ್ಯರಿದ್ದರು. ಈಗ ಬಿದ್ದ ಮತ ಇನ್ನೂರ ಇಪ್ಪತ್ತೈದು. ಉಳಿದವರು ಊರಿಗೆ ಮರಳಿದರೇ?

ಅಕ್ಕ


ಸಾಲ್ಮಿಯಾ
14 ನವೆಂಬರ್ 2025

ಪ್ರೀತಿಯ ಅಕ್ಕ,

ಮೂರು ದಿನ ಕಾದ ಮೇಲೆ ಬಂದದ್ದು ಎರಡು ಗೆರೆ, ಅದರಲ್ಲಿ ಒಂದು ಪ್ರಶ್ನೆ. ನೀನು ಟೀಚರ್ ಆಗಿಯೇ ಉಳಿದೆ.

ಉತ್ತರ ಹೇಳುತ್ತೇನೆ. ಮಂಗಫಿನವರ ನೂರ ನಲವತ್ತು ನವೀಕರಣದ ಅರ್ಜಿಗಳು ಅಕ್ಟೋಬರ್ ಒಂದಕ್ಕೆ ಬಂದವು. ಕೊನೆಯ ದಿನ ಸೆಪ್ಟೆಂಬರ್ ಮೂವತ್ತು, ಸಂಜೆ ಐದು. ಒಂದು ದಿನ ತಡ. ನಿಯಮ ನಿಯಮವೇ. ಅವರಿಗೆ ವರ್ಷವಿಡೀ ನೆನಪಾಗದ್ದು ಕೊನೆಯ ದಿನ ನೆನಪಾದರೆ ನಾನೇನು ಮಾಡಲಿ? ಮುಂದಿನ ವರ್ಷ ಸೇರಿಕೊಳ್ಳಬಹುದು. ಕಮಲಾಕ್ಷನೂ ತಕರಾರು ಎತ್ತಲಿಲ್ಲ. ಎತ್ತುವಂಥದ್ದೇನಾದರೂ ಇದ್ದರೆ ಅವನು ಬಿಡುತ್ತಿದ್ದನೇ?

ನಿನಗೆ ಯಾರಾದರೂ ಏನಾದರೂ ಹೇಳಿದ್ದರೆ ಹೆಸರು ಹೇಳು.

ಕೊನ್ರಾಡ್


ಮಂಗಳೂರು
21 ನವೆಂಬರ್ 2025

ಕೊನ್ರಾಡ್,

ಕಾಂತಪ್ಪ ಬಿದ್ದಿದ್ದಾನೆ. ನಿನಗೆ ಗೊತ್ತಾಗಿರಬೇಕು. ಕಳೆದ ಭಾನುವಾರ ಬೆಳಿಗ್ಗೆ, ಬಸ್ಸಿಗೆ ಜನ ಹತ್ತಿಸಿಕೊಳ್ಳುವ ಮೊದಲು, ಸ್ಟೇರಿಂಗ್ ಮೇಲೆಯೇ ಒರಗಿದನಂತೆ. ಪಾರ್ಶ್ವವಾಯು. ಬಲಗೈ, ಬಲಗಾಲು ಹೋಗಿದೆ, ಮಾತೂ ಹೋಗಿದೆ. ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿದ್ದಾನೆ.

ನಿನ್ನೆ ನಾನು ಕಾರ್ಕಳಕ್ಕೆ ಹೋಗಿ ಅವನ ಹೆಂಡತಿ ರತ್ನಾವತಿಯನ್ನು ಕಂಡು ಬಂದೆ. ಅವಳು ಗೇರುಬೀಜದ ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದಳು, ಬೆರಳೆಲ್ಲ ಕಪ್ಪು. ಕಮಲಾಕ್ಷನ ಹುಡುಗರದು ಹನ್ನೆರಡು ಗಂಟೆಯ ಪಾಳಿಯಂತೆ, ಶುಕ್ರವಾರ ಮಾತ್ರ ಆಸ್ಪತ್ರೆಗೆ ಹೋಗಬಲ್ಲರು. ಉಳಿದ ದಿನ ಅವನ ಹತ್ತಿರ ತುಳುವಿನಲ್ಲಿ ಒಂದು ಮಾತಾಡಲು ಯಾರೂ ಇಲ್ಲ. ಕಂಪನಿಯವರು ಊರಿಗೆ ಕಳಿಸುವ ಕಾಗದ ಪತ್ರ ನಾಳೆ, ನಾಡಿದ್ದು ಅನ್ನುತ್ತಿದ್ದಾರೆ. ಮಲಗಿಸಿಯೇ ವಿಮಾನದಲ್ಲಿ ತರಬೇಕು, ಜೊತೆಗೆ ನರ್ಸ್ ಬೇಕು.

ಕೂಟದ ಕಷ್ಟಸಹಾಯ ಸಮಿತಿ ಇರುವುದೇ ಇದಕ್ಕೆ. ಸರದಿಯಲ್ಲಿ ರೋಗಿಯ ಹತ್ತಿರ ಕೂರುವವರು, ಅರಬಿ ಬಲ್ಲವರೊಬ್ಬರು, ಕಂಪನಿಯ ಹಿಂದೆ ಓಡುವವರು. ನಾನಿದ್ದಾಗ ಎಷ್ಟೋ ಜನರಿಗೆ ಮಾಡಿದ್ದೇವೆ. ನೀನೀಗ ಅಧ್ಯಕ್ಷ. ಇವತ್ತೇ ಯಾರನ್ನಾದರೂ ಕಳಿಸು.

ಇನ್ನೊಂದು ಮಾತು ರತ್ನಾವತಿ ಹೇಳಿದಳು. ಅಕ್ಟೋಬರಿನಿಂದ ಅವನು ಫೋನ್ ಮಾಡಿದಾಗೆಲ್ಲ ಒಂದೇ ವಿಷಯವಂತೆ. ಆ ಅರ್ಜಿಗಳನ್ನು ನಿನ್ನ ಮನೆಗೆ ತಂದುಕೊಟ್ಟವನು ಅವನೇ ಅಂತೆ. 'ನಾನು ಹೊತ್ತಿಗೆ ಸರಿಯಾಗಿ ಕೊಟ್ಟಿದ್ದೆ ರತ್ನಾ, ಇಲ್ಲಿ ಯಾರೂ ನಂಬುವುದಿಲ್ಲ' ಎಂದು ಹೇಳುತ್ತಿದ್ದನಂತೆ. 'ನಿನ್ನ ಸೋಮಾರಿತನದಿಂದ ನೂರ ನಲವತ್ತು ಮತ ಹೋಯಿತು' ಎಂದು ಕೋಣೆಯವರು ಅವನ ಜೊತೆ ಊಟಕ್ಕೆ ಕೂರುವುದನ್ನೂ ಬಿಟ್ಟಿದ್ದರಂತೆ.

ಅಕ್ಕ


ಸಾಲ್ಮಿಯಾ
23 ನವೆಂಬರ್ 2025

ಅಕ್ಕ,

ಕಾಂತಪ್ಪನ ವಿಷಯ ಗೊತ್ತಾದಾಗಲೇ ಸಮಿತಿಯ ಮುಂದಿಟ್ಟೆ. ನೀನು ಹೇಳುವ ಮೊದಲೇ. ಸಮಸ್ಯೆ ಏನೆಂದರೆ ಅವನು ಈ ವರ್ಷದ ಸದಸ್ಯನಲ್ಲ. ಒಬ್ಬನಿಗೆ ಬಾಗಿಲು ತೆರೆದರೆ ಉಳಿದ ನೂರ ಮೂವತ್ತೊಂಬತ್ತು ಜನ ನಾವೇನು ತಪ್ಪು ಮಾಡಿದೆವು ಎಂದು ಕೇಳುತ್ತಾರೆ, ಪಟ್ಟಿಯನ್ನೇ ಮತ್ತೆ ಬಿಚ್ಚಬೇಕಾಗುತ್ತದೆ. ನಾನು ಅಧ್ಯಕ್ಷ ನಿಜ, ಆದರೆ ಒಬ್ಬನೇ ತೀರ್ಮಾನಿಸುವ ಹಾಗಿಲ್ಲ. ಮುಂದಿನ ತಿಂಗಳ ಸಭೆಯಲ್ಲಿ ವಿಶೇಷ ಪ್ರಕರಣವೆಂದು ತರುತ್ತೇನೆ.

ಆಸ್ಪತ್ರೆಯಲ್ಲಿ ಅವನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಇಲ್ಲಿನ ಆಸ್ಪತ್ರೆ ನಿನಗೆ ಗೊತ್ತಲ್ಲ.

ಕೋಣೆಯವರು ಊಟಕ್ಕೆ ಕೂರದಿದ್ದರೆ ಅದು ಅವರವರ ವಿಷಯ. ಅದನ್ನೂ ನನ್ನ ತಲೆಗೆ ಕಟ್ಟಬೇಡ.

ಕೊನ್ರಾಡ್


ಮಂಗಳೂರು
24 ನವೆಂಬರ್ 2025

ಕೊನ್ರಾಡ್,

ಇನ್ನು ಮುಚ್ಚಿಟ್ಟು ಬರೆಯಲು ನನ್ನಿಂದ ಆಗುವುದಿಲ್ಲ.

ನವೆಂಬರ್ ನಾಲ್ಕರಂದು, ಮತದಾನಕ್ಕೆ ಮೂರು ದಿನ ಮೊದಲು, ಕಮಲಾಕ್ಷ ನನ್ನ ಫೋನಿಗೆ ಒಂದು ಚಿತ್ರ ಕಳಿಸಿದ್ದ. ಒಂದು ಚೀಟಿ. 'ನೂರ ನಲವತ್ತು ಅರ್ಜಿ ತಲುಪಿದೆ, 30 ಸೆಪ್ಟೆಂಬರ್, ಸಂಜೆ 4.10.' ಕೆಳಗೆ ಬ್ರೆಂಡಾಳ ಸಹಿ. ಅವಳ ಬಾಲವಿರುವ 'ಬ' ನನಗೆ ಗೊತ್ತಿಲ್ಲವೇ?

ಜೊತೆಗೆ ಅವನು ಹೀಗೆ ಬರೆದಿದ್ದ: 'ಟೀಚರ್, ಕಾಂತಪ್ಪಣ್ಣ ಎಲ್ಲೋ ಇಟ್ಟು ಮರೆತಿದ್ದ ಈ ಚೀಟಿ ನಿನ್ನೆ ಸಿಕ್ಕಿತು. ಬ್ರೆಂಡಕ್ಕನ ಹೆಸರನ್ನು ಸಭೆಯಲ್ಲಿ ಎಳೆಯಲಿಕ್ಕೆ ನನಗೆ ಮನಸ್ಸಿಲ್ಲ. ಗಲಾಟೆಯಾದರೆ ಕೂಟ ಎರಡು ಹೋಳಾಗ್ತದೆ. ನೀವೇ ಕೊನ್ರಾಡಣ್ಣನಿಗೆ ಹೇಳಿ. ನಿಮ್ಮ ಉತ್ತರ ಬರುವ ತನಕ ಯಾರಿಗೂ ತೋರಿಸುವುದಿಲ್ಲ ಅಂತ ಕಾಂತಪ್ಪಣ್ಣನ ಹತ್ತಿರವೂ ಹೇಳಿದ್ದೇನೆ.'

ನಾನು ಉತ್ತರ ಕೊಡಲಿಲ್ಲ.

ಮೊದಲ ದಿನ ಏನೋ ತಪ್ಪು ತಿಳುವಳಿಕೆ ಅಂದುಕೊಂಡೆ. ಎರಡನೆಯ ದಿನ, ನಿನ್ನನ್ನು ಕೇಳಿದರೆ ನೀನು ಏನು ಹೇಳುತ್ತೀಯೋ ಎಂಬ ಹೆದರಿಕೆ. ಮೂರನೆಯ ದಿನ, ಗೆದ್ದೇ ಬಿಡಲಿ, ನನ್ನ ತಮ್ಮನಲ್ಲವೇ, ಆಮೇಲೆ ನಿಧಾನವಾಗಿ ಹೇಳಿದರಾಯಿತು ಅನ್ನಿಸಿತು. ಆಮೇಲೆ ನಿನಗೆ ಅಭಿನಂದನೆ ಬರೆದೆ. ಮೂವತ್ತೊಂದು ವರ್ಷ ಮತದಾನದ ಪಾಠ ಮಾಡಿದವಳು ನಾನು.

ಕಾಂತಪ್ಪ ನನ್ನ ಉತ್ತರಕ್ಕೆ ಕಾಯುತ್ತಿದ್ದ. ಕಾಯುತ್ತಿರುವಾಗಲೇ ಬಿದ್ದ. ರತ್ನಾವತಿಯ ಮನೆಯಲ್ಲಿ ಕೂತು ಅವಳು ಕೊಟ್ಟ ಚಹಾ ಕುಡಿದು ಬಂದೆ, ಇದನ್ನು ಹೇಳಲಿಲ್ಲ.

ನೀನು ಏನು ಮಾಡುತ್ತೀ ಹೇಳು.

ಅಕ್ಕ


ಸಾಲ್ಮಿಯಾ
29 ನವೆಂಬರ್ 2025

ಆ ಚಿತ್ರವನ್ನು ಇನ್ನು ಯಾರು ಯಾರಿಗೆ ಕಳಿಸಿದ್ದೀ?

ನನಗೆ ಅದೊಂದು ಗೊತ್ತಾಗಬೇಕು. ಉಳಿದದ್ದು ಆಮೇಲೆ. ಕಮಲಾಕ್ಷ ನಿನ್ನನ್ನು ಮುಂದಿಟ್ಟುಕೊಂಡು ಆಟ ಆಡುತ್ತಿದ್ದಾನೆ, ನಿನಗೆ ಅದು ಕಾಣುವುದಿಲ್ಲ. ಇಲ್ಲಿ ನಾನು ಇಪ್ಪತ್ತೆಂಟು ವರ್ಷದಿಂದ ಇದ್ದೇನೆ. ಒಂದು ಚೀಟಿಯಿಂದ ನನ್ನ ಹೆಸರು ಬೀದಿಗೆ ಬಿದ್ದರೆ ಟ್ರೆವರ್ ಶಾಲೆಗೆ ಹೇಗೆ ಹೋಗುತ್ತಾನೆ, ಬ್ರೆಂಡಾ ಚರ್ಚಿಗೆ ಹೇಗೆ ಹೋಗುತ್ತಾಳೆ ಎಂದು ಯೋಚಿಸಿದ್ದೀಯಾ? ಸ್ವಂತ ಅಕ್ಕ ನನ್ನನ್ನು ಹೆದರಿಸುವ ದಿನ ಬಂತಲ್ಲ.

ಕೊನ್ರಾಡ್


ಮಂಗಳೂರು
30 ನವೆಂಬರ್ 2025

ಕೊನ್ರಾಡ್,

ಯಾರಿಗೂ ಕಳಿಸಿಲ್ಲ. ಕಳಿಸುವುದೂ ಇಲ್ಲ. ನಾನು ಹೆದರಿಸಲು ಬರೆದದ್ದಲ್ಲ, ನನ್ನ ತಪ್ಪು ಹೇಳಿಕೊಳ್ಳಲು ಬರೆದದ್ದು. ನಿನಗೆ ಅದು ಬೆದರಿಕೆಯ ಹಾಗೆ ಕೇಳಿಸಿತು. ಐದು ದಿನ ನೀನು ಎಂಥ ಹೆದರಿಕೆಯಲ್ಲಿ ಇದ್ದಿರಬೇಕೆಂದು ಅದರಿಂದಲೇ ಗೊತ್ತಾಯಿತು.

ಒಂದು ಲೆಕ್ಕ ಮಾಡಿ ನೋಡು. ಕಮಲಾಕ್ಷನಿಗೆ ಬಿದ್ದ ಹದಿನಾಲ್ಕಕ್ಕೆ ಆ ನೂರ ನಲವತ್ತನ್ನೂ ಸೇರಿಸು. ಒಬ್ಬರೂ ತಪ್ಪದೆ ಬಂದು, ಒಬ್ಬರೂ ನಿನಗೆ ಹಾಕದೆ ಇದ್ದರೂ ನೂರ ಐವತ್ತನಾಲ್ಕು. ನಿನ್ನದು ಇನ್ನೂರ ಹನ್ನೊಂದು. ಐವತ್ತೇಳು ಮತದಿಂದ ನೀನು ಹೇಗೂ ಗೆಲ್ಲುತ್ತಿದ್ದೆ.

1972ರ ಕಥೆಯನ್ನು ನೀನು ಭಾಷಣದಿಂದ ತೆಗೆದೆ. ಎದುರಾಳಿ ಪಕ್ಷದ ಕಚೇರಿಗೆ ನುಗ್ಗಿದವರ ಹಿಂದೆ ನಿಕ್ಸನ್‌ನ ಪ್ರಚಾರದ ಜನರಿದ್ದರು, ಅದನ್ನು ಮುಚ್ಚಿಹಾಕಲು ಹೋಗಿಯೇ ಅವನು ಹಾಳಾದ. ಅವನೂ ಹೇಗೂ ಗೆಲ್ಲುತ್ತಿದ್ದ. ಪ್ರತಿ ವರ್ಷ ಯಾವುದಾದರೂ ಮಗು ಎದ್ದು ನಿಂತು ಕೇಳುತ್ತಿತ್ತು, ಟೀಚರ್, ಮತ್ತೆ ಯಾಕೆ ಹಾಗೆ ಮಾಡಿದರು ಅಂತ. ನನ್ನ ಹತ್ತಿರ ಒಳ್ಳೆಯ ಉತ್ತರ ಯಾವತ್ತೂ ಇರಲಿಲ್ಲ.

ನೀನು ಯಾಕೆ ಮಾಡಿದೆ ಕೊನ್ರಾಡ್?

ಅಕ್ಕ


ಸಾಲ್ಮಿಯಾ
6 ಡಿಸೆಂಬರ್ 2025

ಪ್ರೀತಿಯ ಅಕ್ಕ,

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ನಿನ್ನ ಪತ್ರ ಬಂದ ಮರುದಿನ ಅದನ್ನು ಬ್ರೆಂಡಾಳಿಗೆ ಓದಲು ಕೊಟ್ಟೆ. ಅವಳು ಓದಿ, ಕನ್ನಡಕ ತೆಗೆದು, ಎರಡು ತಿಂಗಳಿಂದ ಹೇಳದಿದ್ದುದನ್ನು ಹೇಳಿದಳು. ಆ ದಿನ ಕಾಂತಪ್ಪ ಪಾಳಿಯವರನ್ನು ಇಳಿಸಿ, ಮಂಗಫಿನಿಂದ ಅಷ್ಟು ದೂರ ಟ್ಯಾಕ್ಸಿಯಲ್ಲಿ ಬಂದಿದ್ದನಂತೆ, ಅರ್ಜಿಗಳನ್ನು ಸೂಪರ್ ಮಾರ್ಕೆಟ್ಟಿನ ಚೀಲದಲ್ಲಿ ಹಾಕಿಕೊಂಡು. ನೀರು ಕೊಟ್ಟರೆ ನಿಂತೇ ಕುಡಿದನಂತೆ. 'ಎರಡು ಸಲ ಕೇಳಿದ, ಬ್ರೆಂಡಕ್ಕ, ಇದು ಇವತ್ತಿನ ತಾರೀಕಿಗೇ ಸೇರ್ತದಲ್ಲ ಅಂತ. ನಾನು ಸೇರ್ತದೆ ಅಂದೆ. ಸಹಿ ಹಾಕಿ ಕೊಟ್ಟೆ. ನೀವು ಬಂದು ನನ್ನನ್ನು ಸುಳ್ಳಿ ಮಾಡಿದಿರಿ.'

ಸತ್ಯ ಅಕ್ಕ. ಸಂಜೆ ಮನೆಗೆ ಬಂದಾಗ ಚೀಲ ಊಟದ ಮೇಜಿನ ಮೇಲಿತ್ತು. ರಿಜಿಸ್ಟರ್ ತೆರೆದು ಅಕ್ಟೋಬರ್ ಒಂದು ಎಂದು ಬರೆದೆ. ಯಾರಾದರೂ ಕೇಳಿದರೆ ಮರುದಿನ ಬೆಳಿಗ್ಗೆ ಬಂತು ಎಂದು ಹೇಳು ಅಂದೆ ಅವಳಿಗೆ. ಎಷ್ಟು ಸುಲಭವಾಗಿತ್ತು ಅಂದರೆ, ಚೀಲ ಬದಿಗಿಟ್ಟು ಅದೇ ಮೇಜಿನಲ್ಲಿ ಊಟ ಮಾಡಿದೆ.

ಯಾಕೆ ಎಂದು ಕೇಳಿದ್ದೀ. ಆಗಸ್ಟಿನಲ್ಲಿ ಆಫೀಸಿನಲ್ಲಿ ನನ್ನ ಕೋಣೆಯನ್ನು ಹೊಸದಾಗಿ ಬಂದವನೊಬ್ಬನಿಗೆ ಕೊಟ್ಟರು. ನನ್ನ ಮೇಜನ್ನು ಕಾರಿಡಾರಿನಲ್ಲಿ, ಫೋಟೊಕಾಪಿ ಯಂತ್ರದ ಪಕ್ಕ ಹಾಕಿದರು. ಮಾರ್ಚಿನಲ್ಲಿ ನನ್ನ ಇಕಾಮಾ, ಇಲ್ಲಿ ವಾಸಿಸುವ ಪರವಾನಗಿ, ಮುಗಿಯುತ್ತದೆ, ಅದನ್ನು ನವೀಕರಿಸುವುದಿಲ್ಲ ಎಂದು ಮಾತಿನಲ್ಲೇ ಸೂಚಿಸಿದ್ದಾರೆ. ನಿನಗೆ ಹೇಳಲಿಲ್ಲ, ಬ್ರೆಂಡಾಳಿಗೂ ಹೇಳಿರಲಿಲ್ಲ. ಇಲ್ಲಿಂದ ಹೋಗುವ ಮೊದಲು ಒಂದು ಕಡೆಯಾದರೂ ಎಲ್ಲರೂ ಕೊನ್ರಾಡೇ ಬೇಕು ಅನ್ನಬೇಕಿತ್ತು. ಬರೀ ಗೆದ್ದರೆ ಸಾಲದು ಅನ್ನಿಸಿತ್ತು. ಇದು ಒಳ್ಳೆಯ ಉತ್ತರವಲ್ಲ. ಆದರೆ ಬೇರೆ ಉತ್ತರ ಇಲ್ಲ.

ಮಂಗಳವಾರ ಆಸ್ಪತ್ರೆಗೆ ಹೋದೆ. ಕಾಂತಪ್ಪ ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದ. ನನ್ನನ್ನು ನೋಡಿ ಎದ್ದು ಕೂರಲು ಹೊರಟ. ಅಧ್ಯಕ್ಷರು ಬಂದರಲ್ಲ ಅಂತ. ಎಡಗೈ ಊರಿ ಅರ್ಧ ಎದ್ದವನು ಬಲಕ್ಕೆ ವಾಲಿದ. ಹಿಡಿದು ಮಲಗಿಸಿದೆ. ಬಾಯಿ ತೆರೆದು ಏನೋ ಹೇಳಲು ತುಂಬಾ ಹೊತ್ತು ಪ್ರಯತ್ನಿಸಿದ, ಬರೀ ಗಾಳಿ ಬಂತು. ನಾನು ಅವನಿಗೆ ಅಲ್ಲಿಯೇ ಹೇಳಿದೆ, ಕಾಂತಪ್ಪ, ನೀನು ಹೊತ್ತಿಗೆ ಸರಿಯಾಗಿ ತಂದಿದ್ದೆ, ತಾರೀಕು ತಿದ್ದಿದವನು ನಾನು ಅಂತ. ನನಗೆ ಬರುವ ಹರಕು ತುಳುವಿನಲ್ಲಿ ಎರಡು ಸಲ ಹೇಳಿದೆ. ಅರ್ಥವಾಯಿತು ಅಂತ ಕಣ್ಣಿನಲ್ಲಿ ಗೊತ್ತಾಯಿತು. ಮುಖ ಗೋಡೆ ಕಡೆ ತಿರುಗಿಸಿದ. ನಾನು ಹೋಗುವವರೆಗೆ ಈ ಕಡೆ ತಿರುಗಲಿಲ್ಲ.

ನಿನ್ನೆ, ಶುಕ್ರವಾರ, ಫಿಂಟಾಸಿನಲ್ಲಿ ತುರ್ತು ಮಹಾಸಭೆ ಕರೆದೆ. ಪಟ್ಟಿಯಿಂದ ಬಿಟ್ಟವರನ್ನೂ ಬರಹೇಳಿದೆ. ಮಂಗಫಿನಿಂದ ಎರಡು ಬಸ್ ಬಂತು. ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿದ್ದರು. ಬ್ರೆಂಡಾ ಮುಂದಿನ ಸಾಲಿನಲ್ಲಿ ಕೂತಿದ್ದಳು, ಬೇಡ ಅಂದರೂ ಬಂದಿದ್ದಳು. ನಾನು ಬರೆದುಕೊಂಡು ಹೋದದ್ದನ್ನು ಜೇಬಿನಿಂದ ತೆಗೆಯಲಿಲ್ಲ. 'ನೂರ ನಲವತ್ತು ಅರ್ಜಿ ಸೆಪ್ಟೆಂಬರ್ ಮೂವತ್ತಕ್ಕೇ ನನ್ನ ಮನೆಗೆ ಬಂದಿತ್ತು. ಒಂದನೇ ತಾರೀಕು ಅಂತ ನಾನು ಬರೆದೆ. ಕಾಂತಪ್ಪ ತಡ ಮಾಡಲಿಲ್ಲ. ಈ ಚುನಾವಣೆ ಸರಿಯಲ್ಲ, ನಾನು ಅಧ್ಯಕ್ಷನಲ್ಲ.' ಇಷ್ಟೇ ಹೇಳಿದ್ದು.

ಬೈಗುಳ ಬಂತು. ನನ್ನ ಕಡೆಯವರಿಂದಲೇ ಹೆಚ್ಚು ಬಂತು. ಒಬ್ಬರು ಕುರ್ಚಿ ಒದ್ದು ಹೋದರು. ಕಾಂತಪ್ಪನ ಕೋಣೆಯ ಲತೀಶ್ ಎಂಬವನು ವೇದಿಕೆಯ ಹತ್ತಿರ ಬಂದು ನನ್ನ ಕಾಲರ್ ಹಿಡಿದ. ಹಿಡಿದವನು ಅಲ್ಲೇ ಅಳತೊಡಗಿದ. ಕಾಂತಪ್ಪನ ಜೊತೆ ಊಟಕ್ಕೆ ಕೂರದವರಲ್ಲಿ ಇವನೂ ಒಬ್ಬ. ಕಮಲಾಕ್ಷ ಬಂದು ಅವನ ಕೈ ಬಿಡಿಸಿದ. ನನ್ನನ್ನು ಬೈಯುತ್ತಾನೆಂದು ಕಾದೆ. ಅವನು ಹೇಳಿದ್ದು ಇಷ್ಟು: 'ಖಲಾಸ್, ಕೊನ್ರಾಡಣ್ಣ. ನಿಮ್ಮದು ಆಯ್ತು. ಈಗ ಕಾಂತಪ್ಪಣ್ಣನನ್ನು ಊರಿಗೆ ಕಳಿಸುವ ವಿಷಯ ಮಾತಾಡುವ.'

ಕಾಂತಪ್ಪನ ಹತ್ತಿರ ಕೂರುವವರ ಸರದಿ ಪಟ್ಟಿ ಅಲ್ಲಿಯೇ ಆಯಿತು. ಟ್ರಾವೆಲ್ಸಿನ ನೌಷಾದ್ ಅರಬಿ ಬಲ್ಲವನು, ಇವತ್ತು ಕಂಪನಿಯ ಆಫೀಸಿಗೆ ಹೋಗಿದ್ದಾನೆ. ನರ್ಸ್ ಲವಿಟಾ ವಿಮಾನದಲ್ಲಿ ಜೊತೆಗೆ ಬರಲು ರಜೆ ಹಾಕಿದ್ದಾಳೆ. ಪಟ್ಟಿಯಲ್ಲಿ ನನ್ನ ಹೆಸರು ಬರೆಯಲು ಯಾರೂ ಕೇಳಲಿಲ್ಲ.

ಟ್ರೆವರ್ ನನ್ನ ಹತ್ತಿರ ಮಾತಾಡುವುದನ್ನು ನಿಲ್ಲಿಸಿದ್ದಾನೆ. ಬ್ರೆಂಡಾ ಅಡಿಗೆ ಮಾಡಿ ಬಡಿಸುತ್ತಾಳೆ.

ಕೊನ್ರಾಡ್


ಮಂಗಳೂರು
17 ಡಿಸೆಂಬರ್ 2025

ಪ್ರೀತಿಯ ಕೊನ್ರಾಡ್,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಕಾರಿಡಾರಿನ ಮೇಜಿನ ವಿಷಯ ನನಗೆ ಮೊದಲೇ ಹೇಳಬಹುದಿತ್ತು. ಆಫೀಸಿನಲ್ಲಿ ಎಲ್ಲ ಸರಿಯುಂಟು ಎಂದು ನೀನು ಸುಮ್ಮನೆ ಬರೆದಾಗಲೇ ನಾನು ಕೇಳಬೇಕಿತ್ತು.

ಭಾನುವಾರ ಕಾಂತಪ್ಪ ಬಂದಿಳಿದ. ನಾನೂ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಲವಿಟಾ ಸ್ಟ್ರೆಚರಿನ ಪಕ್ಕ ನಡೆಯುತ್ತ ಬಂದಳು, ದಾರಿಯಲ್ಲಿ ಗಂಜಿ ಕುಡಿದರು ಎಂದಳು. ರತ್ನಾವತಿ ಅವನ ಎಡಗೈ ಹಿಡಿದುಕೊಂಡಳು, ಆಂಬುಲೆನ್ಸಿಗೆ ಹತ್ತಿಸುವಾಗಲೂ ಬಿಡಲಿಲ್ಲ. ಆ ಗಲಾಟೆಯಲ್ಲಿ ನನಗೆ ಏನೂ ಹೇಳಲಾಗಲಿಲ್ಲ.

ನಿನ್ನೆ ಕಾರ್ಕಳಕ್ಕೆ ಹೋಗಿ ಎಲ್ಲ ಹೇಳಿದೆ. ನಿನ್ನದನ್ನೂ ಹೇಳಿದೆ, ನನ್ನದನ್ನೂ. ಚೀಟಿ ನನ್ನ ಫೋನಿನಲ್ಲಿ ಇದ್ದುದನ್ನು, ನಾನು ಸುಮ್ಮನಿದ್ದುದನ್ನು. ಅವಳು ಬೈಯಲಿಲ್ಲ. ಎದ್ದು ಹೋಗಿ ಅವನನ್ನು ಮಗ್ಗುಲು ಬದಲಿಸಿ ಮಲಗಿಸಿ ಬಂದಳು. ನನ್ನ ಒಳ್ಳೆಯ ಕಿವಿಯ ಕಡೆ ಕೂತು ಕೇಳಿದಳು: 'ಟೀಚರ್, ಬಿದ್ದಲ್ಲಿಂದ ಕೂಟದವರು ಬರುವ ತನಕ ಆ ಹತ್ತೊಂಬತ್ತು ದಿನ ಯಾರಾದರೂ ಹತ್ತಿರ ಕೂತು ನಮ್ಮ ಭಾಷೆಯಲ್ಲಿ ಮಾತಾಡಿಸ್ತಾ ಇದ್ದಿದ್ದರೆ, ಇವರಿಗೆ ಮಾತು ಬರ್ತಿತ್ತಾ?'

ನಾನು ಇಲ್ಲಿನ ಡಾಕ್ಟರನ್ನೂ ಕೇಳಿದೆ. ಬರುತ್ತಿತ್ತು ಎಂದೂ ಹೇಳುವ ಹಾಗಿಲ್ಲ, ಬರುತ್ತಿರಲಿಲ್ಲ ಎಂದೂ ಹೇಳುವ ಹಾಗಿಲ್ಲ, ಬೇಗ ಅಭ್ಯಾಸ ಮಾಡಿಸಿದಷ್ಟೂ ಒಳ್ಳೆಯದಿತ್ತು ಅಂದರು. ಅದನ್ನೇ ಅವಳಿಗೆ ಹೇಳಿದೆ. ಅವಳು ತಲೆ ಅಲ್ಲಾಡಿಸಿ, ನಿಮ್ಮ ತಮ್ಮನಿಗೆ ಎಂತ ಅನ್ನಿಸ್ತದೆ, ಅದು ನನಗೆ ಅವರ ಬಾಯಿಂದ ಕೇಳಬೇಕು ಅಂದಳು.

ಇದಕ್ಕೆ ನಿನ್ನ ಪರವಾಗಿ ನಾನು ಉತ್ತರ ಕೊಡುವುದಿಲ್ಲ. ವಾರಕ್ಕೆ ಎರಡು ದಿನ ಅಲ್ಲಿಗೆ ಹೋಗಿ ಅವನ ಹತ್ತಿರ ಮಾತಾಡುತ್ತಾ ಕೂರುವುದೆಂದು ಮಾಡಿದ್ದೇನೆ. ಅವಳು ಬೇಡ ಅನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ.

ಅಕ್ಕ


ಸಾಲ್ಮಿಯಾ
4 ಜನವರಿ 2026

ಪ್ರೀತಿಯ ಅಕ್ಕ,

ಮೊನ್ನೆ ಮರುಚುನಾವಣೆಯಾಯಿತು. ಕಮಲಾಕ್ಷನ ಎದುರು ಅಕ್ಷಯಾ ನಿಂತಿದ್ದಳು. ಮುನ್ನೂರ ಅರವತ್ತೊಂದು ಮತ ಬಿತ್ತು. ಎರಡು ಸಲ ಎಣಿಸಿದರು. ನೂರ ಎಂಬತ್ತನಾಲ್ಕಕ್ಕೆ ನೂರ ಎಪ್ಪತ್ತೇಳು, ಕಮಲಾಕ್ಷ ಗೆದ್ದ. ಏಳು ಮತ. ಸಾಲಿನಲ್ಲಿ ನಾನೂ ನಿಂತು ಮತ ಹಾಕಿದೆ. ನನ್ನ ಹಿಂದೆ ನಿಂತವರು ಒಂದು ಹೆಜ್ಜೆ ಬಿಟ್ಟು ನಿಂತಿದ್ದರು.

ರತ್ನಾವತಿಯವರಿಗೆ ಮೂರು ಸಲ ಪತ್ರ ಬರೆಯಲು ಕೂತೆ. ಪ್ರತಿ ಸಲವೂ ಡಾಕ್ಟರು ಹೇಳಿದ ಮಾತಿನ ಹಿಂದೆ ಹೋಗಿ ಅಡಗುತ್ತಿದ್ದೆ. ನನಗೆ ಏನು ಅನ್ನಿಸುತ್ತದೆ ಎಂದು ಅವರು ಕೇಳಿದ್ದು. ಮಾತು ಬರುತ್ತಿತ್ತು ಅಂತಲೇ ನನಗೆ ಅನ್ನಿಸುತ್ತದೆ ಅಕ್ಕ. ಅದನ್ನು ಕಾಗದದಲ್ಲಿ ಕಳಿಸುವುದು ಸರಿಯಲ್ಲ.

ಗುರುವಾರದ ವಿಮಾನಕ್ಕೆ ಟಿಕೆಟ್ ಮಾಡಿಸಿದ್ದೇನೆ. ಹತ್ತು ದಿನದ ರಜೆ, ಕಾರಿಡಾರಿನಲ್ಲಿ ಕೂತವನಿಗೆ ರಜೆ ಕೊಡಲು ಯಾರಿಗೂ ಕಷ್ಟವಿಲ್ಲ. ಬ್ರೆಂಡಾ ತಾನೂ ಬರುತ್ತೇನೆಂದಳು. ಈ ಸಲ ಬೇಡ ಅಂದೆ.

ನೀನು ವಿಮಾನ ನಿಲ್ದಾಣಕ್ಕೆ ಬರಬೇಡ. ಆ ದಿನ ಕಾರ್ಕಳಕ್ಕೂ ಹೋಗಬೇಡ. ನಿಲ್ದಾಣದಿಂದ ಹೊರಗೆ ಬಂದವನೇ ಕಾರ್ಕಳದ ಬಸ್ ಹತ್ತುತ್ತೇನೆ. ಮನೆಗೆ ಆಮೇಲೆ ಬರುತ್ತೇನೆ.

ಕೊನ್ರಾಡ್